ಮೂವತ್ತು ದಿನಗಳ ಕಾಯಿದೆ

ಮೈದಾನದಲ್ಲಿ ಎಲ್ಲರನ್ನೂ ಗೆದ್ದು, ಕಚೇರಿಯ ಕಾಗದಪತ್ರಗಳಲ್ಲಿ ಸೋತವನೊಬ್ಬನ ಚರಿತ್ರೆಯನ್ನು ಇಂದು ನಮ್ಮ ವಾಚಕ ಮಹಾಶಯರ ಮುಂದಿಡಲು ಇಚ್ಛಿಸುವೆವು. ಅವನೇ ಅಮೆರಿಕದ ಜಿಮ್ ಥೋರ್ಪ್. ಇವನು ಆ ಭೂಖಂಡದ ಮೂಲನಿವಾಸಿಗಳಾದ ಸ್ಯಾಕ್ ಮತ್ತು ಫಾಕ್ಸ್ ಎಂಬ ಪಂಗಡಕ್ಕೆ ಸೇರಿದವನು. ಅವನ ಜನರು ಅವನಿಗಿಟ್ಟ ಹೆಸರು ವಾ-ಥೋ-ಹಕ್; ಬೆಳಗಿದ ಹಾದಿ ಎಂದು ಅದರ ಅರ್ಥ.

ಮೂಲನಿವಾಸಿಗಳ ಮಕ್ಕಳನ್ನು ಅವರ ಭಾಷೆಯಿಂದಲೂ ಆಚಾರಗಳಿಂದಲೂ ಬಿಡಿಸುವ ಉದ್ದೇಶದಿಂದ ಪೆನ್ಸಿಲ್ವೇನಿಯ ಪ್ರಾಂತದ ಕಾರ್ಲೈಲ್ ಎಂಬಲ್ಲಿ 1879ರಲ್ಲಿ ಒಂದು ಪಾಠಶಾಲೆ ಸ್ಥಾಪಿತವಾಗಿತ್ತು. ಥೋರ್ಪನು ಬೆಳಕಿಗೆ ಬಂದದ್ದು ಅಲ್ಲಿಯೇ. ಓಟ, ಜಿಗಿತ, ಬೇಸ್‌ಬಾಲ್, ಅಮೆರಿಕದ ರೀತಿಯ ಫುಟ್‌ಬಾಲ್, ಇವುಗಳಲ್ಲಿ ಯಾವುದೂ ಅವನಿಗೆ ಅಸಾಧ್ಯವೆನಿಸಲಿಲ್ಲ. 1911ರಲ್ಲಿ ಕಾರ್ಲೈಲಿನ ಹುಡುಗರು ಪ್ರಸಿದ್ಧವಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವನ್ನು 18-15ರಿಂದ ಸೋಲಿಸಿದಾಗ, ನಾಲ್ಕು ಸಾರಿ ಚೆಂಡನ್ನು ಒದ್ದು ಗೋಲು ಗಳಿಸಿಕೊಟ್ಟವನು ಇವನೇ.

1912ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅಲ್ಲಿನ ಪಂಚಸ್ಪರ್ಧೆಯಲ್ಲಿ ಥೋರ್ಪನು ಉದ್ದಜಿಗಿತ, ಚಕ್ರ ಎಸೆತ, 200 ಮತ್ತು 1500 ಮೀಟರುಗಳ ಓಟ, ಹೀಗೆ ಐದರಲ್ಲಿ ನಾಲ್ಕನ್ನು ಗೆದ್ದು ಪ್ರಥಮನಾದನು. ದಶಸ್ಪರ್ಧೆಯಲ್ಲಿ ಅವನು 8412 ಅಂಕಗಳನ್ನು ಗಳಿಸಿದನು. ದ್ವಿತೀಯನಾದ ಸ್ವೀಡನ್ನಿನ ವೀಸ್ಲಾಂಡರನು ಸುಮಾರು 700 ಅಂಕಗಳಷ್ಟು ಹಿಂದುಳಿದನು. ಇಷ್ಟು ಸಾಲದೆಂಬಂತೆ ಪ್ರತ್ಯೇಕವಾದ ಎತ್ತರಜಿಗಿತದಲ್ಲಿಯೂ ಉದ್ದಜಿಗಿತದಲ್ಲಿಯೂ ಅವನು ಭಾಗವಹಿಸಿದ್ದನು.

ಈ ಕೀರ್ತಿಯು ಆರೇಳು ತಿಂಗಳು ಮಾತ್ರ ಬಾಳಿತು. 1909 ಮತ್ತು 1910ರ ಬೇಸಗೆಗಳಲ್ಲಿ ಥೋರ್ಪನು ಉತ್ತರ ಕೆರೊಲೈನದಲ್ಲಿ ಅಲ್ಪ ವೇತನವನ್ನು ಪಡೆದು ಬೇಸ್‌ಬಾಲ್ ಆಡಿದ್ದನೆಂಬ ಸಂಗತಿಯು 1913ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಹಣ ಪಡೆದು ಆಡಿದವನು ಹವ್ಯಾಸಿಯಲ್ಲವೆಂದೂ, ಹವ್ಯಾಸಿಯಲ್ಲದವನಿಗೆ ಒಲಿಂಪಿಕ್ಕಿನಲ್ಲಿ ಸ್ಥಾನವಿಲ್ಲವೆಂದೂ ಅಂದಿನ ಶಾಸನ. ಅನೇಕ ವಿದ್ಯಾರ್ಥಿಗಳು ಸುಳ್ಳು ಹೆಸರಿನಲ್ಲಿ ಹೀಗೆಯೇ ಆಡುತ್ತಿದ್ದರೆಂದೂ, ತಾನು ಸ್ವಂತ ಹೆಸರಿನಲ್ಲಿ ಆಡಿದನೆಂದೂ, ಲೋಕವ್ಯವಹಾರವನ್ನರಿಯದ ತನ್ನನ್ನು ಕ್ಷಮಿಸಬೇಕೆಂದೂ ಅವನ ಹೆಸರಿನಲ್ಲಿ ಹೋದ ಪತ್ರವು ಫಲಿಸಲಿಲ್ಲ. ಪದಕಗಳು ಹೋದವು, ದಾಖಲೆಗಳಿಂದ ಹೆಸರೂ ಅಳಿಯಿತು.

ಅಧಿಕಾರದಲ್ಲಿರುವ ವಾಚಕರು ಒಂದಂಶವನ್ನು ಗಮನಿಸಬೇಕೆಂದು ಪ್ರಾರ್ಥಿಸುವೆವು. ಆಕ್ಷೇಪಣೆಗಳು ಕ್ರೀಡೆಗಳು ಮುಗಿದ 30 ದಿನಗಳೊಳಗೆ ಬರತಕ್ಕದ್ದೆಂದು ಅದೇ ಒಲಿಂಪಿಕ್ಕಿನ ನಿಯಮವಿದ್ದಿತು. ಈ ಆಕ್ಷೇಪಣೆ ಬಂದದ್ದು ಅವಧಿ ಮೀರಿ ಎಷ್ಟೋ ತಿಂಗಳುಗಳ ಮೇಲೆ. ಒಂದು ನಿಯಮವನ್ನು ಅಕ್ಷರಶಃ ನಡೆಸಿದವರು ಮತ್ತೊಂದನ್ನು ಕಣ್ಣೆತ್ತಿಯೂ ನೋಡಲಿಲ್ಲ!

ತರುವಾಯ ಥೋರ್ಪನು ಬೇಸ್‌ಬಾಲಿನಲ್ಲಿಯೂ ಫುಟ್‌ಬಾಲಿನಲ್ಲಿಯೂ ವೃತ್ತಿಗಾರನಾಗಿ ಬಾಳಿ, 1953ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಸ್ಟಾಕ್‌ಹೋಮಿನಲ್ಲಿ ಅವನೊಡನೆ ಸ್ಪರ್ಧಿಸಿ ಸೋತ ಏವರಿ ಬ್ರಂಡೇಜನು 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದನು. ಅವನ ಕಾಲದಲ್ಲಿ ಪದಕಗಳು ಹಿಂದಿರುಗಲಿಲ್ಲ. 1982ರಲ್ಲಿ ಸಮಿತಿಯು ಮನಸ್ಸು ಬದಲಿಸಿತು. ಮರುವರ್ಷ ಪದಕಗಳ ಪ್ರತಿಗಳು ಅವನ ಮಕ್ಕಳ ಕೈಸೇರಿದವು. ಆಗಲೂ ಅವನನ್ನು ಸಹವಿಜೇತನೆಂದು ಮಾತ್ರ ಬರೆದರು. ಏಕೈಕ ವಿಜೇತನೆಂದು ಒಪ್ಪಿದ್ದು 2022ರಲ್ಲಿ, ಅಂದರೆ 110 ವರ್ಷಗಳ ಮೇಲೆ. ವೀಸ್ಲಾಂಡರನಾದರೋ ನಿಜವಾದ ವಿಜೇತನು ಥೋರ್ಪನೇ ಎಂದು ಮೊದಲಿನಿಂದಲೂ ನಂಬಿದ್ದನು. ಕಾಯಿದೆಯ ಪಂಡಿತರಿಗೆ ಕಾಣದ ನ್ಯಾಯವು ಸೋತವನಿಗೆ ಕಂಡಿತು.

ಹಣದಾಸೆಯಿಲ್ಲದೆ ಆಡಬೇಕೆಂಬ ಆದರ್ಶವನ್ನು ನಾವು ಹಳಿಯುವುದಿಲ್ಲ. ಆದರೆ ಉಂಡುಟ್ಟು ಸುಖವಾಗಿರುವವನಿಗೆ ಅದು ಸುಲಭವಾದ ವ್ರತ. ದುಡಿದೇ ಉಣ್ಣಬೇಕಾದವನಿಗೆ ಅದು ಮುಚ್ಚಿದ ಬಾಗಿಲು. ಬಡವನಿಗೆ ವಿರೋಧವಾದ ನಿಯಮವನ್ನು ನೆನೆದು, ಅವನಿಗೆ ಅನುಕೂಲವಾದ ನಿಯಮವನ್ನು ಮರೆಯುವ ನ್ಯಾಯವು ನ್ಯಾಯವೇ ಅಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.