ಗುಪ್ತ ವರದಿಯ ದಾರಿ

ಬ್ರಿಟಿಷರ ಆಳಿಕೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಸರಕಾರದ ಗುಪ್ತ ವರದಿಯು ಅಲ್ಲಿಯ ಹಳ್ಳಿಯ ಚಾವಡಿಯಲ್ಲಿಯೇ ಮೊಳೆಯುತ್ತಿದ್ದಿತು. ಊರಿನ ಅಪರಾಧಗಳನ್ನೂ ಜನರ ಸ್ಥಿತಿಗತಿಯನ್ನೂ ಮ್ಯಾಜಿಸ್ಟ್ರೇಟನಿಗೆ ಅರುಹುವದು, 1867ರ ಗ್ರಾಮ ಪೋಲೀಸ ಕಾಯದೆಯ ಪ್ರಕಾರ ಪೋಲೀಸ ಪಾಟೀಲನ ಕರ್ತವ್ಯವಾಗಿದ್ದಿತು. ಸುದ್ದಿಯು ಮಾಮಲೇದಾರನಿಂದ ಕಲೆಕ್ಟರನಿಗೂ, ಫೌಜದಾರನಿಂದ ಜಿಲ್ಲಾ ಪೋಲೀಸ ಅಧಿಕಾರಿಗೂ ಏರಿ, ಪ್ರಾಂತ ಸರಕಾರದಲ್ಲಿ ಒಂದುಗೂಡುತ್ತಿದ್ದಿತು. ಅಲ್ಲಿಂದ ತಿಂಗಳಿಗೆರಡು ಸಲ ಪಾಕ್ಷಿಕ ವರದಿಯು ಭಾರತ ಸರಕಾರದ ಗೃಹಖಾತೆಗೆ ಹೋಗುತ್ತಿದ್ದಿತು. ಪ್ರಾಂತಗಳ ಸುದ್ದಿಯನ್ನು ಹೋಲಿಸಿ ನೋಡುವ ಕೆಲಸವು 1887ರಲ್ಲಿ ಹುಟ್ಟಿದ ಕೇಂದ್ರ ಶಾಖೆಯದು. ಇಂದಿನ ಇಂಟೆಲಿಜೆನ್ಸ್ ಬ್ಯೂರೋದ ಮೂಲವು ಇದೇ.

ಈ ಏರ್ಪಾಡಿನ ಸತ್ತ್ವವು ಹೋಲಿಕೆಯಲ್ಲಿದೆ, ಅಪಾಯವೂ ಅಲ್ಲಿಯೇ. ಒಬ್ಬ ಪಾಟೀಲನು ಕೇಳಿದ ಗಾಳಿಮಾತು ಎರಡು ಕಚೇರಿಗಳ ಮುದ್ರೆ ಹೊತ್ತು ಬಂದರೆ ಎರಡು ಸಾಕ್ಷಿಗಳಾಗಲಾರದು. ಆದರೆ ಮೆಟ್ಟಿಲೇರಿದಂತೆ ‘ಅನ್ನುತ್ತಾರೆ’ ಎಂಬುದು ಅಳಿದು ‘ಇದೆ’ ಎಂದಾಗುವದು. ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮದನ್ವಯ ವಿಚಾರಣೆಯಿಲ್ಲದೆ ದೇಶಸೇವಕರನ್ನು ಸೆರೆಯಲ್ಲಿಟ್ಟಾಗ, ಆ ಕಾಗದವನ್ನು ನ್ಯಾಯಾಲಯದಲ್ಲಿ ಪರೀಕ್ಷಿಸುವವರಿರಲಿಲ್ಲ. 1943ರ ಏಪ್ರಿಲದಲ್ಲಿ ಫೆಡರಲ್ ಕೋರ್ಟು, ಕೇಶವ ತಳಪಡೆಯವರ ಮೊಕದ್ದಮೆಯಲ್ಲಿ, ಆ ನಿಯಮವೇ ಅಸಿಂಧುವೆಂದಿತು. ಸರಕಾರವು ಕೂಡಲೆ ಸುಗ್ರೀವಾಜ್ಞೆಯಿಂದ ಅದನ್ನು ಊರ್ಜಿತಗೊಳಿಸಿತು.

ಆಳುವವರು ಬದಲಾಗಿದ್ದಾರೆ, ವರದಿಯ ಸ್ವಭಾವವು ಬದಲಾಗಿಲ್ಲ. ಆದುದರಿಂದ ಸಹಿಮಾಡುವ ಅಧಿಕಾರಿಯು ಮೊದಲು ಕೇಳತಕ್ಕದ್ದು ಇಷ್ಟೇ: ಇದನ್ನು ಕಣ್ಣಾರೆ ಕಂಡವರು ಯಾರು?