ಟಿ-ಕೋಶಗಳ ಅಳಿವು-ಉಳಿವು: ಇಂಟರ್‌ಲ್ಯೂಕಿನ್-2ರ ಪಾತ್ರ

ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳ ಉಳಿವು ಬಹುಮಟ್ಟಿಗೆ ಇತರ ಕೋಶಗಳು ಸ್ರವಿಸುವ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಅವಲಂಬಿಸಿದೆ. 1976ರಲ್ಲಿ ಮಾರ್ಗನ್, ರುಸೆಟ್ಟಿ ಮತ್ತು ಗ್ಯಾಲೊ ಅವರು ಇಂತಹ ಸ್ರಾವವೊಂದರ ನೆರವಿನಿಂದ ಮಾನವ ಟಿ-ಕೋಶಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿದರು. ಅದರಲ್ಲಿದ್ದ ಅಂಶವೇ ಮುಂದೆ ಇಂಟರ್‌ಲ್ಯೂಕಿನ್-2 ಎಂದು ಹೆಸರಾಯಿತು. ಇದು ಗ್ರಾಹಕವನ್ನು ಸೇರಿದಾಗ ಕೋಶದೊಳಗೆ ಬಿಸಿಎಲ್-2 ಎಂಬ ಪ್ರೋಟೀನು ಹೆಚ್ಚಿ, ನಿಯೋಜಿತ ಕೋಶಮರಣವನ್ನು ತಡೆಯುತ್ತದೆ.

ಆದರೆ 1993ರಲ್ಲಿ ವರದಿಯಾದಂತೆ, ಇಂಟರ್‌ಲ್ಯೂಕಿನ್-2 ಇಲ್ಲದ ಇಲಿಗಳಲ್ಲಿ ನಿರೋಧಕ ಶಕ್ತಿ ಕುಂದುವುದರ ಬದಲು ಸ್ವಂತ ಕರುಳಿನ ಮೇಲೆಯೇ ತಿರುಗಿಬಿದ್ದಿತು. ಅಂತಹ ದಾಳಿಯನ್ನು ಹತ್ತಿಕ್ಕುವ ನಿಯಂತ್ರಕ ಟಿ-ಕೋಶಗಳೂ ಇದೇ ಸಂದೇಶದಿಂದ ಬದುಕುತ್ತವೆಂಬುದು ತರುವಾಯ ತಿಳಿಯಿತು. ಆದುದರಿಂದಲೇ ಈ ಅಣುವನ್ನು ಔಷಧವಾಗಿ ನೀಡುವಲ್ಲಿ ಪ್ರಮಾಣವೇ ನಿರ್ಣಾಯಕ: ಅಧಿಕ ಪ್ರಮಾಣವು ಮೂತ್ರಪಿಂಡದ ಕ್ಯಾನ್ಸರಿನ ವಿರುದ್ಧ ಹೋರಾಡುವ ಕೋಶಗಳನ್ನು ಪ್ರಚೋದಿಸಿದರೆ, ಅಲ್ಪ ಪ್ರಮಾಣವು ಹೋರಾಟವನ್ನು ಹತೋಟಿಯಲ್ಲಿಡುವ ಕೋಶಗಳನ್ನು ಪೋಷಿಸುತ್ತದೆ.