ಎರಡೇ ಹೈಡ್ರೋಜನ್, ಎಷ್ಟೊಂದು ಅಂತರ!

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಫಿಟ್ಸ್ ಇರುವ ಒಬ್ಬರು ರಾತ್ರಿ ಊಟ ಮುಗಿಸಿ ಕಾರ್ಬಮಜೆಪೀನ್ ಮಾತ್ರೆ ನುಂಗುತ್ತಾರೆ ಎಂದುಕೊಳ್ಳಿ. ಆ ಮಾತ್ರೆಯೊಳಗಿನ ಬಿಳಿ ಪುಡಿ ಎಲ್ಲಿಂದ ಬಂದಿರಬಹುದು? ಅದೇ ತಾಲ್ಲೂಕಿನಿಂದಲೇ ಬಂದಿರಬಹುದು! ನಂಜನಗೂಡಿನ ಕೈಗಾರಿಕಾ ಪ್ರದೇಶದ ಜುಬಿಲಂಟ್ ಕಾರ್ಖಾನೆ ಕಾರ್ಬಮಜೆಪೀನ್ ಮತ್ತು ಅದರ ತಂಗಿಯಂತಿರುವ ಆಕ್ಸ್‌ಕಾರ್ಬಜೆಪೀನ್ ಔಷಧಗಳ ಮೂಲ ಪುಡಿಯನ್ನೇ ತಯಾರಿಸುತ್ತದೆ. ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿಗಳಿಂದ ನಾವೆಲ್ಲ ಬಲ್ಲ ಊರಿಗೆ ಇಂಥದೊಂದು ಗುರುತೂ ಉಂಟು. ಈ ಪುಡಿಯ ವಂಶಾವಳಿ ಹುಡುಕುತ್ತ ಹೊರಟರೆ ಬೆರಗಿನ ಮೇಲೆ ಬೆರಗು!

ಮೂಲಪುರುಷನ ಹೆಸರು ಇಮಿನೊಡೈಬೆಂಜೈಲ್. ಅದು ಹುಟ್ಟಿದ್ದು 1899ರಲ್ಲಿ, ಟೀಲೆ ಮತ್ತು ಹೋಲ್ಟ್ಸಿಂಗರ್ ಎಂಬ ರಸಾಯನ ವಿಜ್ಞಾನಿಗಳ ಕೈಯಲ್ಲಿ. ನೊಗಕ್ಕೆ ಹೂಡಿದ ಜೋಡೆತ್ತಿನಂಥ ಆಕಾರ: ಅತ್ತ ಇತ್ತ ಆರು ಮೂಲೆಯ ಎರಡು ಬೆಂಜೀನ್ ಉಂಗುರ, ಎರಡನ್ನೂ ಬೆಸೆಯುವ ನಡುವಿನ ಏಳು ಮೂಲೆಯ ಉಂಗುರ, ಅದರಲ್ಲೊಂದು ನೈಟ್ರೋಜನ್. ಎಲ್ಲ ಸೇರಿ 28 ಪರಮಾಣು, ಅಷ್ಟೇ. ಅರ್ಧ ಶತಮಾನ ಅದರಿಂದ ಒಂದು ಔಷಧವೂ ಹುಟ್ಟಲಿಲ್ಲ.

1940ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೈಗಿ ಕಂಪನಿಯವರು ಅದನ್ನು ಮತ್ತೆ ಕೈಗೆತ್ತಿಕೊಂಡರು. ನೈಟ್ರೋಜನ್‌ಗೆ ಬಗೆಬಗೆಯ ಬಾಲ ಅಂಟಿಸಿ ಹತ್ತಾರು ಹೊಸ ಸಂಯುಕ್ತ ಮಾಡಿದರು. ಅವುಗಳಲ್ಲೊಂದು ಇಮಿಪ್ರಮೀನ್. ಅದರ ಬಾಲ, ಆ ಹೊತ್ತಿಗೆ ಮನೋರೋಗ ಚಿಕಿತ್ಸೆಯನ್ನೇ ಬದಲಿಸಿದ್ದ ಕ್ಲೋರ್‌ಪ್ರೊಮಜೀನ್‌ನ ಬಾಲವೇ! ಹಾಗಾದರೆ ಇದೂ ಸ್ಕಿಜೋಫ್ರೇನಿಯಾಕ್ಕೆ ಆಗಬೇಕಲ್ಲ? ಕಾನ್ಸ್ಟನ್ಸ್ ಸರೋವರದ ದಡದ ಮ್ಯೂನ್‌ಸ್ಟರ್ಲಿಂಗನ್ ಆಸ್ಪತ್ರೆಯಲ್ಲಿ ಮನೋವೈದ್ಯ ರೋಲಂಡ್ ಕೂನ್ ಕೊಟ್ಟು ನೋಡಿದರು. ಆಗಲಿಲ್ಲ.

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಕೂನ್ ಬಿಡಲಿಲ್ಲ. 1956ರ ಜನವರಿಯಲ್ಲಿ ಅದನ್ನು ತೀವ್ರ ಖಿನ್ನತೆಯಲ್ಲಿ ಮುಳುಗಿದ್ದ ಮಹಿಳೆಯೊಬ್ಬರಿಗೆ ಕೊಟ್ಟರು. ವಾರ ತುಂಬುವುದರೊಳಗೆ ಆಕೆ ಬೇರೆಯೇ ಆಗಿದ್ದರು! 1957ರಲ್ಲಿ ಕೂನ್ 40 ರೋಗಿಗಳ ವಿವರ ಪ್ರಕಟಿಸಿದರು. ಅದೇ ವರ್ಷ ಜ್ಯೂರಿಕ್‌ನ ವಿಶ್ವ ಮನೋವೈದ್ಯ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ಕೇಳಲು ಕೂತಿದ್ದವರು ಹತ್ತು ಹನ್ನೆರಡು ಮಂದಿ. ಖಿನ್ನತೆಗೂ ಮಾತ್ರೆ ಇದೆ ಎಂಬ ಸುದ್ದಿಗೆ ಅಷ್ಟೇ ಕಿವಿ! ಆ ಆಸ್ಪತ್ರೆಯಲ್ಲಿ ರೋಗಿಗಳ ಸರಿಯಾದ ಒಪ್ಪಿಗೆಯಿಲ್ಲದೆ ಔಷಧಗಳ ಪ್ರಯೋಗ ನಡೆದಿತ್ತೆಂದು ಮುಂದೆ ಇತಿಹಾಸಕಾರರು ತೋರಿಸಿದರು. ಈ ಬೆರಗಿನ ಹಿಂದೆ ಆ ಜನರ ಋಣವೂ ಇದೆ.

ಈಗ ನೋಡಿ ಸೋಜಿಗ! ಇಮಿಪ್ರಮೀನ್‌ಗೆ ಒಂದೇ ಒಂದು ಕ್ಲೋರಿನ್ ಪರಮಾಣು ಸೇರಿಸಿದರೆ ಕ್ಲೊಮಿಪ್ರಮೀನ್. ಕೈ ತೊಳೆದದ್ದನ್ನೇ ತೊಳೆಯುವ, ಹಾಕಿದ ಬೀಗವನ್ನೇ ಮತ್ತೆ ಮತ್ತೆ ಎಳೆದು ನೋಡುವ ಗೀಳುರೋಗಕ್ಕೆ ಅದು ಮದ್ದು. ಅದೇ ಮೂಲಪುರುಷನ ನಡು ಉಂಗುರದಿಂದ ಎರಡು ಹೈಡ್ರೋಜನ್ ಕಿತ್ತರೆ ಇಮಿನೊಸ್ಟಿಲ್ಬೀನ್, ಕಿತ್ತಳೆ ಛಾಯೆಯ ಹಳದಿ ಪುಡಿ. ಅದರ ನೈಟ್ರೋಜನ್‌ಗೆ ಪುಟ್ಟದೊಂದು ಗುಂಪು ಜೋಡಿಸಿದರೆ ಬಣ್ಣ ಹೋಗಿ ಬೆಳ್ಳಗಿನ ಕಾರ್ಬಮಜೆಪೀನ್! ಗೈಗಿಯ ವಾಲ್ಟರ್ ಶಿಂಡ್ಲರ್ ಅದನ್ನು 1953ರಲ್ಲೇ ಮಾಡಿದ್ದರು.

ಒಂದೇ ವಂಶ, ಕೆಲಸ ಮಾತ್ರ ಎಷ್ಟು ಬೇರೆ! ಇಮಿಪ್ರಮೀನ್, ನರಕೋಶಗಳು ಹೊರಬಿಟ್ಟ ಸೆರಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಬೇಗನೆ ವಾಪಸು ಹೀರಿಕೊಳ್ಳದಂತೆ ತಡೆಯುತ್ತದೆ. ಕಾರ್ಬಮಜೆಪೀನ್, ನರಕೋಶದೊಳಕ್ಕೆ ಸೋಡಿಯಂ ನುಗ್ಗುವ ದ್ವಾರಗಳನ್ನು ಹಿಡಿದು ನಿಲ್ಲಿಸಿ, ನರಗಳು ಎಡೆಬಿಡದೆ ಸಿಡಿಯುವುದನ್ನು ತಗ್ಗಿಸುತ್ತದೆ. ಹಾಗಾಗಿ ಮುಖದಲ್ಲಿ ಸಿಡಿಲಿನಂತೆ ಹೊಡೆಯುವ ನರನೋವಿಗೂ ಫಿಟ್ಸ್‌ಗೂ ಅದೇ ಮದ್ದು. 1970ರ ದಶಕದ ಆರಂಭದಲ್ಲಿ ಜಪಾನಿನ ವೈದ್ಯರು ಇನ್ನೊಂದನ್ನು ಕಂಡರು: ಬೈಪೋಲಾರ್ ಕಾಯಿಲೆಯಲ್ಲಿ ಉಕ್ಕಿ ಹರಿಯುವ ಉನ್ಮಾದವೂ ಇದರಿಂದ ಇಳಿಯುತ್ತದೆ! ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಹಾಗೆಂದು ಇದು ವೈದ್ಯರನ್ನು ಕೇಳದೆ ಕೊಂಡು ನುಂಗುವ ಮಾತ್ರೆಯಲ್ಲ. ಎಚ್‌ಎಲ್‌ಎ-ಬಿ 1502 ಎಂಬ ಜೀನು ಇರುವ ಕೆಲವರಲ್ಲಿ ಚರ್ಮವೇ ಸುಲಿಯುವಷ್ಟು ಭೀಕರ ಪ್ರತಿಕ್ರಿಯೆ ಆಗಬಹುದು. ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿದರೆ ಫಿಟ್ಸ್ ಇನ್ನಷ್ಟು ಜೋರಾಗಿ ಮರಳಬಹುದು.

ನಮ್ಮ ಕಡೆ ಈಗಲೂ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಕೈಗೆ ಬೀಗದಕೈ ತುರುಕುತ್ತಾರೆ. ಮಂಕಾಗಿ ಕೂತವರಿಗೆ ಗಾಳಿ ಸೋಕಿದೆ ಎನ್ನುತ್ತಾರೆ. ಆದರೆ ಹಳ್ಳಿಯ ಬಾಗಿಲಿಗೇ ಮನೋರೋಗ ಚಿಕಿತ್ಸೆ ಬರಬೇಕೆಂಬ ಯೋಚನೆಯನ್ನು ದೇಶಕ್ಕೆ ಕಲಿಸಿದವರಲ್ಲಿ ಕನ್ನಡನಾಡೂ ಮುಂದೆ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಕಲವಾರದ ಹಳ್ಳಿಗಳಲ್ಲಿ ಅದನ್ನು ಮಾಡಿ ತೋರಿಸಿತು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಸ್ತರಿಸಿತು. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರ ತಪಾಸಣೆ ನಡೆಯುತ್ತದೆ.

ಎರಡು ಹೈಡ್ರೋಜನ್ ಹೋದರೆ, ಒಂದು ಕ್ಲೋರಿನ್ ಬಂದರೆ ಮನಸ್ಸಿನ ಮೇಲಿನ ಪರಿಣಾಮವೇ ಬದಲಾಗುತ್ತದೆ. ಹಾಗಿದ್ದ ಮೇಲೆ ಖಿನ್ನತೆ, ಉನ್ಮಾದ, ಗೀಳುಗಳು ಯಾರ ಶಾಪವೂ ಅಲ್ಲ, ಯಾರ ಪಾಪವೂ ಅಲ್ಲ. ಬಿಪಿ, ಸಕ್ಕರೆ ಕಾಯಿಲೆಗಳಂತೆ ಮೈಗೆ ಬಂದವು, ಮದ್ದಿಗೆ ಬಗ್ಗುವಂಥವು. ಜಗತ್ತಿಗೆ ಈ ಮದ್ದು ಮಾಡಿಕೊಡುವ ತಾಲ್ಲೂಕಿನ ಜನ ಅದನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯಬೇಕು.